ಕಬ್ಬಿಣದ ಪಟ್ಟೆ ಶಿಲೆ

ಕಲ್ಲಿನಲ್ಲಿ ಪಟ್ಟೆಗಳು ಕಂಡೊಡನೆ ‘ಇದು ಪದರ ಶಿಲೆ’ ಎಂದುಬಿಡುವುದು ತರಗತಿಗಳಲ್ಲಿ ಸಾಮಾನ್ಯ. ಆದರೆ ಪಟ್ಟೆಯೊಂದೇ ಸಾಕ್ಷಿಯಾಗದು. ಬೆಂಗಳೂರಿನ ಲಾಲ್‌ಬಾಗ್ ಬಂಡೆಯಲ್ಲೂ ಪಟ್ಟೆಗಳಿವೆ. ಅದು ನೈಸ್, ಭೂಮಿಯ ಆಳದ ಶಾಖ, ಒತ್ತಡಗಳಿಂದ ಮಾರ್ಪಟ್ಟ ರೂಪಾಂತರ ಶಿಲೆ. ಬಾಬಾಬುಡನ್‌ಗಿರಿ, ಸಂಡೂರು, ಚಿತ್ರದುರ್ಗದ ಬೆಟ್ಟಗಳಲ್ಲಿ ಸಿಗುವ ಕಬ್ಬಿಣದ ಪಟ್ಟೆ ಶಿಲೆಯಾದರೋ ಸಮುದ್ರದ ತಳದಲ್ಲಿ ಪದರ ಪದರವಾಗಿ ಸಂಚಯಗೊಂಡದ್ದು. (ಅನಂತರ ಅದೂ ಒಂದಿಷ್ಟು ರೂಪಾಂತರ ಹೊಂದಿದೆ ಎನ್ನುವುದು ಬೇರೆ ಮಾತು.) ಇವೆರಡನ್ನು ನಿಮ್ಮ ಶಾಲೆಯ ಪ್ರಯೋಗಾಲಯದಲ್ಲೇ ಪ್ರತ್ಯೇಕಿಸಬಹುದು.

ಮೊದಲು ಸಾಂದ್ರತೆ. ಕಲ್ಲನ್ನು ದಾರದಿಂದ ಸ್ಪ್ರಿಂಗ್ ತಕ್ಕಡಿಗೆ ತೂಗುಹಾಕಿ, ಗಾಳಿಯಲ್ಲಿಯೂ ನೀರಿನಲ್ಲಿ ಮುಳುಗಿಸಿಯೂ ತೂಗಿ. 390 ಗ್ರಾಂ ತೂಗುವ ನೈಸ್ ನೀರಿನಲ್ಲಿ ಸುಮಾರು 145 ಗ್ರಾಂ ಕಳೆದುಕೊಳ್ಳುತ್ತದೆ, ಸಾಂದ್ರತೆ 2.7. ಗಾತ್ರದಲ್ಲಿ ಅರ್ಧ ಕಬ್ಬಿಣದ ಆಕ್ಸೈಡ್, ಅರ್ಧ ಸಿಲಿಕ ಇರುವ ಪಟ್ಟೆ ಶಿಲೆ ಕಳೆದುಕೊಳ್ಳುವುದು ಸುಮಾರು 100 ಗ್ರಾಂ ಮಾತ್ರ. ಆರ್ಕಿಮಿಡೀಸ್ ತತ್ತ್ವಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಬಳಿಕ ಗಾಢ ಬಣ್ಣದ ಪಟ್ಟೆಯನ್ನು ಟೈಲಿನ ಹೊಳಪಿಲ್ಲದ ಹಿಂಬದಿಗೆ ಉಜ್ಜಿ. ಗೀಟು ಕೆಂಗಂದು ಬಣ್ಣದ್ದಾದರೆ ಹೆಮಟೈಟ್, ಕಪ್ಪಾದರೆ ಮ್ಯಾಗ್ನಟೈಟ್. ಎರಡನೆಯದಕ್ಕೆ ಅಯಸ್ಕಾಂತವೂ ಅಂಟುತ್ತದೆ. ಅಂಟಲಿಲ್ಲವೆಂದು ಮಾತ್ರಕ್ಕೆ ಕಬ್ಬಿಣವಿಲ್ಲವೆಂದು ತಿಳಿಯಬೇಡಿ. ತಿಳಿ ಬಣ್ಣದ ಪಟ್ಟೆ ಗಾಜನ್ನು ಗೀರುತ್ತದೆ. ಅದು ಸಿಲಿಕ.

ಇಷ್ಟು ಕಬ್ಬಿಣ ಸಮುದ್ರದ ತಳ ಸೇರಿದ್ದು ಹೇಗೆ? ಕೆಲವು ಕೊಳವೆ ಬಾವಿಗಳ ನೀರು ಮೇಲೆ ಬಂದಾಗ ತಿಳಿಯಾಗಿದ್ದು, ಬಕೆಟ್ಟಿನಲ್ಲಿ ಕೆಲಹೊತ್ತು ನಿಂತರೆ ಕೆಂಪಾಗುವುದನ್ನು ನೀವು ಕಂಡಿರಬಹುದು. ನೀರಿನಲ್ಲಿ ಕರಗಿರುವ ಫೆರಸ್ ಅಯಾನು ಗಾಳಿಯ ಆಕ್ಸಿಜನ್ನಿನಿಂದ ಫೆರಿಕ್ ಆಗುತ್ತದೆ. ಕರಗದ ಗಷ್ಟಾಗಿ ತಳಕ್ಕಿಳಿಯುತ್ತದೆ. ಆಕ್ಸಿಜನ್ ಇಲ್ಲದ ಪ್ರಾಚೀನ ಸಾಗರದಲ್ಲಿ ಫೆರಸ್ ಕಬ್ಬಿಣ ಹೇರಳವಾಗಿ ಕರಗಿತ್ತು. ಅದರ ಬಹುಪಾಲು ಸಾಗರತಳದ ಬಿಸಿನೀರಿನ ಬುಗ್ಗೆಗಳಿಂದ ಬಂದದ್ದು. ಸಿಲಿಕವೂ ಕರಗಿತ್ತು. ಒಮ್ಮೆ ಕಬ್ಬಿಣ ಹೆಚ್ಚಾಗಿ, ಒಮ್ಮೆ ಸಿಲಿಕ ಹೆಚ್ಚಾಗಿ ತಳಕ್ಕಿಳಿದು ಪಟ್ಟೆಗಳಾದವು. ಮರದ ವಾರ್ಷಿಕ ಉಂಗುರಗಳಂತೆ ಇವನ್ನು ಎಣಿಸಿ ವರ್ಷ ಹೇಳಲಾಗದು.

ಇಲ್ಲೊಂದು ತೊಡಕಿದೆ. ಬಾಬಾಬುಡನ್ ಪಟ್ಟೆ ಶಿಲೆಗಳ ವಯಸ್ಸು ಸುಮಾರು 270 ಕೋಟಿ ವರ್ಷ. ವಾಯುಮಂಡಲದಲ್ಲಿ ಆಕ್ಸಿಜನ್ ನೆಲೆಯಾಗತೊಡಗಿದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ. ಹಾಗಾದರೆ ಈ ಕಬ್ಬಿಣವನ್ನು ಉತ್ಕರ್ಷಿಸಿದವರು ಯಾರು? ಸಯನೋಬ್ಯಾಕ್ಟೀರಿಯಗಳು ಸಮುದ್ರದಲ್ಲಿ ಅಲ್ಲಲ್ಲಿ ಬಿಟ್ಟ ಆಕ್ಸಿಜನ್ ಎಂಬುದು ಒಂದು ವಾದ. ಬೆಳಕಿನ ನೆರವಿನಿಂದ, ಆಕ್ಸಿಜನ್ನಿನ ಹಂಗಿಲ್ಲದೆ ಕಬ್ಬಿಣವನ್ನು ನೇರವಾಗಿ ಉತ್ಕರ್ಷಿಸುವ ಬ್ಯಾಕ್ಟೀರಿಯಗಳು ಎಂಬುದು ಇನ್ನೊಂದು. ಅಂಥವು ಇಂದಿಗೂ ಬದುಕಿವೆ.