ಸೈರನ್ ಕೇಳಿಸುತ್ತಿದೆ, ಸಿಗ್ನಲ್ ಕೆಂಪಾಗಿದೆ: ಈಗ ಏನು ಮಾಡಬೇಕು?

ಈ ಲೇಖನ ಬರೆಯಲು ನನಗೆ ಎರಡು ಕಾರಣಗಳಿವೆ. ಮೊದಲನೆಯದು ನನ್ನ ದಾದಿ. ಎರಡನೆಯದು ನನ್ನ ಅಬ್ಬಾರ ಸ್ಕೂಟರ್.

ನಮ್ಮ ಮನೆ ಇರುವುದು ಬೆಂಗಳೂರಿನ ಟ್ಯಾನರಿ ರಸ್ತೆಯ ಒಂದು ಗಲ್ಲಿಯಲ್ಲಿ. ಕಳೆದ ವರ್ಷ ರಂಜಾನ್ ಹಬ್ಬ ಮುಗಿದ ವಾರ, ಬೆಳಿಗ್ಗೆ ಒಂಬತ್ತರ ಹೊತ್ತಿಗೆ, ಚಹಾ ಕುಡಿಯುತ್ತಿದ್ದ ದಾದಿಯ ಕೈಯಿಂದ ಲೋಟ ಜಾರಿ ಬಿತ್ತು. ಮಾತು ತೊದಲಿತು. ಬಾಯಿ ಒಂದು ಬದಿಗೆ ವಾಲಿತು. ಪಕ್ಕದ ಮನೆಯ ಖಾಲಾ ನೋಡಿದ ಕೂಡಲೇ ‘ಲಕ್ವಾ’ ಎಂದರು. ಕನ್ನಡದಲ್ಲಿ ಇದನ್ನೇ ಪಾರ್ಶ್ವವಾಯು ಎನ್ನುತ್ತೇವೆ. 108ಕ್ಕೆ ಫೋನ್ ಮಾಡಿದೆವು, ಆಂಬ್ಯುಲೆನ್ಸ್ ಬಂತು. ಅಮ್ಮಿ ಹಿಂದೆ ದಾದಿಯ ಜೊತೆ ಕುಳಿತರು. ನನ್ನನ್ನು ಮುಂದೆ ಚಾಲಕರ ಪಕ್ಕ ಕೂರಿಸಿದರು.

ಆದ್ದರಿಂದ ನಾನು ಎಲ್ಲವನ್ನೂ ಮುಂದಿನ ಗಾಜಿನಿಂದ ನೋಡಿದೆ. ಗಲ್ಲಿಯಲ್ಲಿ ಜನ ದಾರಿ ಬಿಟ್ಟರು. ತರಕಾರಿ ಗಾಡಿಯವರು ತಮ್ಮ ಗಾಡಿಯನ್ನು ತಾವೇ ಎತ್ತಿ ಬದಿಗಿಟ್ಟರು. ಆದರೆ ದೊಡ್ಡ ರಸ್ತೆಯ ಸಿಗ್ನಲ್ ಹತ್ತಿರ ಬಂದಾಗ ದೀಪ ಕೆಂಪಾಗಿತ್ತು. ದೀಪದ ಪಕ್ಕದ ಅಂಕಿ 110 ತೋರಿಸುತ್ತಿತ್ತು. ನಮ್ಮ ಮುಂದೆ ಏಳೆಂಟು ಸಾಲು ವಾಹನಗಳು. ಸೈರನ್ ಕೂಗುತ್ತಲೇ ಇತ್ತು. ಎಲ್ಲರೂ ಹಿಂದೆ ತಿರುಗಿ ನೋಡಿದರು, ಯಾರೂ ಅಲುಗಲಿಲ್ಲ. ತೀರಾ ಮುಂದಿದ್ದ ಒಬ್ಬ ಬೈಕ್ ಸವಾರರು ಮೇಲಿದ್ದ ಕ್ಯಾಮೆರಾ ಕಡೆ ಕೈ ತೋರಿಸಿ ತಲೆಯಾಡಿಸಿದರು. ದಾಟಿದರೆ ದಂಡ ಬೀಳುತ್ತದೆ ಎಂದು ಅವರ ಅರ್ಥ. ಅಂಕಿ 110ರಿಂದ ಸೊನ್ನೆಗೆ ಇಳಿಯುವವರೆಗೆ ನಾನು ಒಂದೊಂದನ್ನೂ ಎಣಿಸಿದೆ. ಆ ಸವಾರರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಇನ್ನು ಎರಡನೆಯ ಕಾರಣ. ಎರಡು ತಿಂಗಳ ನಂತರ ಅಬ್ಬಾ ನನ್ನನ್ನು ಕಾಲೇಜಿಗೆ ಬಿಡಲು ಬರುತ್ತಿದ್ದರು. ಸಿಗ್ನಲ್‌ನಲ್ಲಿ ನಮ್ಮದೇ ಮೊದಲ ಸಾಲು. ಹಿಂದಿನಿಂದ ಸೈರನ್ ಕೇಳಿಸಿತು. ಅಬ್ಬಾ ಗಾಬರಿಯಾಗಿ, ‘ಏನು ಮಾಡಲಿ ಬೇಟಿ, ದಾಟಲಾ?’ ಎಂದು ಕೇಳಿದರು. ಅದಕ್ಕೆ ಹಿಂದಿನ ತಿಂಗಳಷ್ಟೇ ಅವರ ಮೊಬೈಲ್‌ಗೆ 500 ರೂಪಾಯಿ ದಂಡದ ಸಂದೇಶ ಬಂದಿತ್ತು. ನಾನೂ ಮೇಲೆ ಕ್ಯಾಮೆರಾ ನೋಡಿದೆ. ನನಗೂ ಉತ್ತರ ಗೊತ್ತಿರಲಿಲ್ಲ. ದೀಪ ಹಸಿರಾಗುವವರೆಗೆ ನಾವು ಅಲ್ಲೇ ನಿಂತೆವು. ಅಂದರೆ ಆ ಬೈಕ್ ಸವಾರರು ಮಾಡಿದ್ದನ್ನೇ ನಾವೂ ಮಾಡಿದೆವು. ಆ ದಿನ ನನಗೆ ಅರ್ಥವಾಗಿದ್ದು ಇಷ್ಟು: ಹೆಚ್ಚಿನವರು ದಾರಿ ಬಿಡದಿರುವುದು ಕೆಟ್ಟ ಮನಸ್ಸಿನಿಂದ ಅಲ್ಲ, ಹೇಗೆ ಬಿಡಬೇಕೆಂದು ತಿಳಿಯದೆ.

ಹಾಗಾಗಿ ನಾನು ತಿಳಿದುಕೊಳ್ಳಲು ಹೊರಟೆ. ನಮ್ಮ ಸಿಗ್ನಲ್‌ನಲ್ಲಿ ಕರ್ತವ್ಯದಲ್ಲಿದ್ದ ಒಬ್ಬ ಸಂಚಾರ ಪೊಲೀಸರನ್ನೂ, ಚಾಚಾರ ಪರಿಚಯದ ಒಬ್ಬ ಆಂಬ್ಯುಲೆನ್ಸ್ ಚಾಲಕರನ್ನೂ ಕೇಳಿದೆ. ಕಾನೂನನ್ನೂ ಓದಿದೆ. ತಿಳಿದಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಬಂತು. ಆಗ 194ಇ ಎಂಬ ಹೊಸ ಕಲಂ ಸೇರಿತು. ಅಗ್ನಿಶಾಮಕ ವಾಹನ, ಆಂಬ್ಯುಲೆನ್ಸ್ ಅಥವಾ ಸರ್ಕಾರ ಸೂಚಿಸಿದ ಬೇರೆ ತುರ್ತು ವಾಹನ ಬಂದಾಗ ಚಾಲಕರು ರಸ್ತೆಯ ಬದಿಗೆ ಸರಿದು ದಾರಿ ಬಿಡಬೇಕು. ಬಿಡದಿದ್ದರೆ ಆರು ತಿಂಗಳವರೆಗೆ ಜೈಲು, ಅಥವಾ 10,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಲು ಈ ಕಲಂನಲ್ಲಿ ಅವಕಾಶವಿದೆ. ಸಿಗ್ನಲ್ ದಾಟಿದರೆ ಬೀಳುವ ದಂಡವನ್ನು ಎಲ್ಲರೂ ಬಲ್ಲೆವು. ದಾರಿ ಬಿಡದಿದ್ದರೆ ಅದಕ್ಕಿಂತ ದೊಡ್ಡ ಶಿಕ್ಷೆ ಇದೆ ಎಂಬುದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

2017ರ ವಾಹನ ಚಾಲನಾ ನಿಯಮಗಳಲ್ಲಿ ಇನ್ನೊಂದು ವಿಷಯವಿದೆ. ಸೈರನ್ ಮತ್ತು ಮಿನುಗುವ ದೀಪ ಹಾಕಿಕೊಂಡು ತುರ್ತು ಕೆಲಸಕ್ಕೆ ಹೋಗುತ್ತಿರುವ ವಾಹನವು ಎಚ್ಚರಿಕೆಯಿಂದ ಕೆಂಪು ದೀಪವನ್ನು ದಾಟಬಹುದು. ಇಲ್ಲಿ ಗಮನಿಸಿ, ಈ ರಿಯಾಯಿತಿ ಇರುವುದು ತುರ್ತು ವಾಹನಕ್ಕೆ. ಅದರ ಮುಂದಿರುವ ನಮಗಲ್ಲ. ನಮ್ಮ ಕೆಲಸ ಬದಿಗೆ ಸರಿಯುವುದು, ಜಂಕ್ಷನ್ ದಾಟಿ ಓಡುವುದಲ್ಲ. ಅಬ್ಬಾ ಕೇಳಿದ ಪ್ರಶ್ನೆಗೆ ಉತ್ತರ ಇದೇ: ದಾಟಬಾರದು, ಆದರೆ ಸುಮ್ಮನೆ ನಿಲ್ಲಲೂಬಾರದು.

ಸಿಗ್ನಲ್‌ನಲ್ಲಿ ನಿಂತಾಗ ಮಾಡಬೇಕಾದದ್ದು

ಮೊದಲು ಕನ್ನಡಿ ನೋಡಿ. ಸೈರನ್ ಯಾವ ಕಡೆಯಿಂದ ಬರುತ್ತಿದೆ, ನಮ್ಮ ಹಿಂದೆಯೋ, ಎದುರು ರಸ್ತೆಯಲ್ಲೋ, ಅಡ್ಡ ರಸ್ತೆಯಲ್ಲೋ ಎಂದು ತಿಳಿದುಕೊಳ್ಳಿ. ಎದುರು ರಸ್ತೆಯಲ್ಲಿ, ಡಿವೈಡರ್‌ನ ಆಚೆ ಬರುತ್ತಿದ್ದರೆ ನಾವು ನುಗ್ಗಾಡುವ ಅಗತ್ಯವೇ ಇಲ್ಲ.

ಹಿಂದಿನಿಂದ ಬರುತ್ತಿದ್ದರೆ, ಇಂಡಿಕೇಟರ್ ಹಾಕಿ ನಿಧಾನವಾಗಿ ಎಡಕ್ಕೆ ಸರಿಯಿರಿ. ಸಾಮಾನ್ಯವಾಗಿ ಆಂಬ್ಯುಲೆನ್ಸ್ ಬಲಗಡೆಯಿಂದ, ಡಿವೈಡರ್ ಪಕ್ಕದಿಂದ ಹೋಗಲು ನೋಡುತ್ತದೆ. ನೀವು ಡಿವೈಡರ್‌ಗೆ ಅಂಟಿಕೊಂಡೇ ನಿಂತಿದ್ದು, ಎಡಕ್ಕೆ ಜಾಗವಿಲ್ಲದಿದ್ದರೆ, ನಾಲ್ಕು ವಾಹನಗಳ ಮಧ್ಯೆ ಅಡ್ಡಡ್ಡ ತೂರಬೇಡಿ. ಹಾಗೆ ಅಡ್ಡ ನಿಂತ ಒಂದು ಕಾರು ಇಡೀ ರಸ್ತೆಯನ್ನು ಮುಚ್ಚುತ್ತದೆ. ಬಲಗಡೆಯವರು ಬಲಕ್ಕೇ ಒತ್ತಿಕೊಂಡು, ಎಡಗಡೆಯವರು ಎಡಕ್ಕೆ ಒತ್ತಿಕೊಂಡರೆ ನಡುವೆ ದಾರಿಯಾಗುತ್ತದೆ. ‘ಎಲ್ಲರೂ ಒಂದೊಂದು ಅಡಿ ಸರಿದರೆ ಸಾಕಮ್ಮ, ನನಗೆ ಬೇಕಾಗಿರುವುದು ಒಂದು ಗಾಡಿಯ ಅಗಲ ಮಾತ್ರ’ ಎಂದರು ಆಂಬ್ಯುಲೆನ್ಸ್ ಚಾಲಕರು.

ಮೊದಲ ಸಾಲಿನಲ್ಲಿ ಇರುವವರ ಜವಾಬ್ದಾರಿ ಹೆಚ್ಚು. ಅವರು ಕದಲದಿದ್ದರೆ ಹಿಂದಿನವರು ಕದಲುವುದಕ್ಕೆ ಜಾಗವೇ ಇರುವುದಿಲ್ಲ. ಬದಿಯಲ್ಲಿ ಜಾಗವಿಲ್ಲದಿದ್ದರೆ ಏನು ಮಾಡಬೇಕೆಂದು ಸಂಚಾರ ಪೊಲೀಸರನ್ನು ಕೇಳಿದೆ. ಅವರು ಹೇಳಿದ್ದು: ‘ಅಡ್ಡ ರಸ್ತೆಯ ವಾಹನ, ನಡೆದು ದಾಟುತ್ತಿರುವ ಜನ, ಎರಡನ್ನೂ ನೋಡಿಕೊಂಡು, ಒಂದು ಗಾಡಿಯ ಉದ್ದದಷ್ಟು ಮುಂದೆ ಬಂದು ಎಡ ಮೂಲೆಯಲ್ಲಿ ನಿಲ್ಲಿ. ಜಂಕ್ಷನ್ ಮಧ್ಯಕ್ಕೆ ಹೋಗಬೇಡಿ. ಆಂಬ್ಯುಲೆನ್ಸ್ ಹೋದ ಮೇಲೆ ಅಲ್ಲೇ ಕಾಯಿರಿ, ಹಸಿರು ಬಂದಾಗ ಹೊರಡಿ.’ ಅಲ್ಲಿ ಪೊಲೀಸರು ನಿಂತಿದ್ದರೆ ದೀಪ ನೋಡುವ ಬದಲು ಅವರ ಕೈ ನೋಡಿ. ಪೊಲೀಸರ ಸೂಚನೆ ದೀಪಕ್ಕಿಂತ ಮೇಲು.

ಅಡ್ಡ ರಸ್ತೆಯಿಂದ ಸೈರನ್ ಕೇಳಿಸಿದರೆ, ನಮಗೆ ಹಸಿರು ಇದ್ದರೂ ಹೊರಡಬಾರದು. ಆಂಬ್ಯುಲೆನ್ಸ್ ಕೆಂಪು ದೀಪ ದಾಟಿ ಬರುತ್ತಿರಬಹುದು. ಒಂದು ಹೋದ ಕೂಡಲೇ ನುಗ್ಗಬೇಡಿ, ಹಿಂದೆ ಇನ್ನೊಂದು ಇರಬಹುದು.

ಕೆಲವು ಮಾಡಬಾರದ ಕೆಲಸಗಳೂ ಇವೆ. ಸೈರನ್ ಕೇಳಿ ದಿಢೀರ್ ಬ್ರೇಕ್ ಹಾಕಬಾರದು. ಹಾರ್ನ್ ಒತ್ತಬಾರದು, ಏಕೆಂದರೆ ಆ ಗದ್ದಲದಲ್ಲಿ ಸೈರನ್ ಯಾವ ಕಡೆಯಿಂದ ಬರುತ್ತಿದೆ ಎಂಬುದೇ ತಿಳಿಯುವುದಿಲ್ಲ. ಫ್ರೀ ಲೆಫ್ಟ್ ಇರುವ ಕಡೆ ಎಡ ದಾರಿಗೆ ಅಡ್ಡ ನಿಲ್ಲಬಾರದು, ಎಷ್ಟೋ ಸಲ ಆಂಬ್ಯುಲೆನ್ಸ್‌ಗೆ ಉಳಿಯುವ ದಾರಿ ಅದೊಂದೇ. ಇನ್ನು ಎಲ್ಲಕ್ಕಿಂತ ಕೆಟ್ಟದ್ದು, ಆಂಬ್ಯುಲೆನ್ಸ್ ಮಾಡಿದ ದಾರಿಯಲ್ಲಿ ಅದರ ಬಾಲ ಹಿಡಿದು ಓಡುವುದು. ಅದು ಒಮ್ಮೆಲೇ ನಿಲ್ಲಬೇಕಾಗಿ ಬಂದರೆ ಹಿಂದಿನವರು ಅದಕ್ಕೇ ಗುದ್ದುತ್ತಾರೆ.

‘ಒಳಗೆ ಯಾರೂ ಇಲ್ಲ, ಸುಮ್ಮನೆ ಸೈರನ್ ಹಾಕಿಕೊಂಡು ಹೋಗುತ್ತಾರೆ’ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ನಾನೂ ಹೇಳಿದ್ದೇನೆ. ಆದರೆ ನಮ್ಮ ಮನೆಗೆ ಬಂದ ಆಂಬ್ಯುಲೆನ್ಸ್ ಬರುವಾಗ ಖಾಲಿಯೇ ಇತ್ತು. ಅದು ದಾದಿಯನ್ನು ಕರೆದೊಯ್ಯಲು ಬರುತ್ತಿತ್ತು. ಖಾಲಿ ಆಂಬ್ಯುಲೆನ್ಸ್‌ಗಾಗಿ ಯಾವುದೋ ಮನೆಯವರು ಬಾಗಿಲಲ್ಲೇ ನಿಂತಿರುತ್ತಾರೆ.

ದಂಡ ಬಿದ್ದರೆ?

ಇದು ನಿಜವಾದ ಭಯ. ದಿನಕ್ಕೆ ಆರುನೂರು, ಏಳುನೂರು ದುಡಿಯುವವರಿಗೆ 500 ರೂಪಾಯಿ ಸಣ್ಣ ಮೊತ್ತವಲ್ಲ. ಕ್ಯಾಮೆರಾಗೆ ನಾವು ಏಕೆ ಗೆರೆ ದಾಟಿದೆವು ಎಂಬುದು ಗೊತ್ತಾಗುವುದಿಲ್ಲ. ಅದು ನಂಬರ್ ಪ್ಲೇಟ್ ಮಾತ್ರ ನೋಡುತ್ತದೆ. ಆದರೆ ಆಂಬ್ಯುಲೆನ್ಸ್‌ಗೆ ದಾರಿ ಬಿಡಲು ಹೋಗಿ ದಂಡ ಬಿದ್ದಿದ್ದರೆ, ಪರಿಶೀಲಿಸಿ ಅದನ್ನು ರದ್ದುಪಡಿಸುವುದಾಗಿ ಬೆಂಗಳೂರು ಸಂಚಾರ ಪೊಲೀಸರು 2024ರಲ್ಲಿ ತಿಳಿಸಿದ್ದಾರೆ. ನಾವು ಮಾಡಬೇಕಾದದ್ದು, ಯಾವ ದಿನ, ಎಷ್ಟು ಗಂಟೆ, ಯಾವ ಸಿಗ್ನಲ್ ಎಂದು ಮನೆ ತಲುಪಿದ ಮೇಲೆ ಬರೆದಿಟ್ಟುಕೊಳ್ಳುವುದು. ದಂಡದ ಸಂದೇಶ ಬಂದರೆ ಆ ವಿವರ ಕೊಟ್ಟು ಪರಿಶೀಲನೆಗೆ ಕೇಳಬಹುದು. ಈ ವಿಷಯ ಗೊತ್ತಾದ ಮೇಲೆ ಅಬ್ಬಾ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮೊದಲೇ ಗೊತ್ತಿದ್ದರೆ ಅವತ್ತು ಸರಿಯುತ್ತಿದ್ದೆ’ ಎಂದರು.

ಒಂದೆರಡು ನಿಮಿಷದಲ್ಲಿ ಏನಾಗುತ್ತದೆ?

ನಾವು ಅಕೌಂಟೆನ್ಸಿಯಲ್ಲಿ ಸವಕಳಿ ಕಲಿಯುತ್ತೇವೆ. ಯಂತ್ರದ ಬೆಲೆ ವರ್ಷಕ್ಕೆ ಶೇಕಡಾ 10ರಂತೆ ಇಳಿಯುತ್ತದೆ ಎಂದು ಲೆಕ್ಕ ಹಾಕುತ್ತೇವೆ. ಹೃದಯ ನಿಂತವರ ವಿಷಯದಲ್ಲಿ ಈ ಲೆಕ್ಕ ವರ್ಷದ್ದಲ್ಲ, ನಿಮಿಷದ್ದು. ಎದೆ ಒತ್ತುವ ಚಿಕಿತ್ಸೆ ಮತ್ತು ವಿದ್ಯುತ್ ಆಘಾತ ಸಿಗದಿದ್ದರೆ ಪ್ರತಿ ನಿಮಿಷಕ್ಕೆ ಬದುಕುವ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಕಡಿಮೆಯಾಗುತ್ತದೆ. ಮಿದುಳಿನ ರಕ್ತನಾಳ ಮುಚ್ಚಿ ಪಾರ್ಶ್ವವಾಯು ಆದಾಗ ಒಂದು ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು ವೈದ್ಯಕೀಯ ಅಂದಾಜಿದೆ. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಒಳಗಿನ ಸಮಯ ಮಾತ್ರ ಇರುತ್ತದೆ. ಆಸ್ಪತ್ರೆಗೆ ಹೋದ ಮೇಲೆ ಸ್ಕ್ಯಾನ್‌ಗೂ ಸಮಯ ಬೇಕು.

2020ರ ಫೆಬ್ರುವರಿಯಲ್ಲಿ ಹೃದಯದ ತೊಂದರೆ ಇದ್ದ 40 ದಿನದ ಮಗುವನ್ನು ಮಂಗಳೂರಿನಿಂದ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಸುಮಾರು ನಾಲ್ಕು ಗಂಟೆ ಇಪ್ಪತ್ತು ನಿಮಿಷಗಳಲ್ಲಿ ತಂದಿದ್ದು ನಿಮಗೆ ನೆನಪಿರಬಹುದು. ದಾರಿಯುದ್ದಕ್ಕೂ ಪೊಲೀಸರು ಮತ್ತು ಊರೂರಿನ ಜನ ಸೇರಿ ಝೀರೋ ಟ್ರಾಫಿಕ್ ಮಾಡಿಕೊಟ್ಟಿದ್ದರು. ಆ ಸುದ್ದಿಯನ್ನು ನಾವೆಲ್ಲ ಹೆಮ್ಮೆಯಿಂದ ಹಂಚಿಕೊಂಡೆವು. ಆದರೆ ದಿನವೂ ಓಡುವ ಎಲ್ಲ ಆಂಬ್ಯುಲೆನ್ಸ್‌ಗಳಿಗೂ ಹಾಗೆ ಮಾಡಲಾಗುವುದಿಲ್ಲ. ನಾವು ನಿಂತಿರುವ ಜಾಗದಲ್ಲಿ ಹತ್ತು ಅಡಿ ಝೀರೋ ಟ್ರಾಫಿಕ್ ಮಾಡುವುದು ಮಾತ್ರ ನಮ್ಮ ಕೈಯಲ್ಲಿದೆ.

ನಾವು ವಿದ್ಯಾರ್ಥಿಗಳು ಏನು ಮಾಡಬಹುದು?

ನಮ್ಮಲ್ಲಿ ಹೆಚ್ಚಿನವರಿಗೆ ಇನ್ನೂ ಹದಿನೆಂಟು ಆಗಿಲ್ಲ. ಗಾಡಿ ಓಡಿಸುವ ಹಕ್ಕು ನಮಗಿಲ್ಲ. ಅಪ್ರಾಪ್ತರು ಓಡಿಸಿ ಅಪರಾಧವಾದರೆ ಪೋಷಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಜೈಲು ಎಂದು ಅದೇ 2019ರ ತಿದ್ದುಪಡಿ ಹೇಳುತ್ತದೆ. ಆದರೆ ನಾವು ಹಿಂದಿನ ಸೀಟಿನಲ್ಲಿ ದಿನವೂ ಕೂರುತ್ತೇವೆ. ಹಿಂದೆ ತಿರುಗಿ ನೋಡಲು ಓಡಿಸುವವರಿಗಿಂತ ನಮಗೆ ಸುಲಭ. ಕಿವಿಯಲ್ಲಿ ಇಯರ್‌ಫೋನ್ ಇಲ್ಲದಿದ್ದರೆ ಸೈರನ್ ನಮಗೇ ಮೊದಲು ಕೇಳಿಸುತ್ತದೆ. ‘ಅಬ್ಬಾ, ಹಿಂದೆ ಆಂಬ್ಯುಲೆನ್ಸ್ ಇದೆ, ಎಡಕ್ಕೆ ಬನ್ನಿ’ ಎಂದು ಹೇಳಲು ಲೈಸೆನ್ಸ್ ಬೇಕಿಲ್ಲ. ನಮ್ಮ ಮನೆಗಳಲ್ಲಿ ಆಟೋ, ಟೆಂಪೊ, ಕ್ಯಾಬ್ ಓಡಿಸುವ ಚಾಚಾ, ಮಾಮೂಗಳು ಎಷ್ಟೋ ಜನ ಇದ್ದಾರೆ. ಊಟಕ್ಕೆ ಕುಳಿತಾಗ ಅವರಿಗೆ ಈ ವಿಷಯ ಒಮ್ಮೆ ಹೇಳಿ.

ದಾದಿ ಈಗ ಮನೆಯಲ್ಲಿದ್ದಾರೆ. ಮಾತು ಬಹುಪಾಲು ಮರಳಿದೆ. ಬಲಗೈಗೆ ಮಾತ್ರ ಇನ್ನೂ ಬಲ ಬಂದಿಲ್ಲ. ಸಿಗ್ನಲ್‌ನಲ್ಲಿ ಕಳೆದ ಆ ಸಮಯದಿಂದಲೇ ಹೀಗಾಯಿತು ಎಂದು ನಾನು ಹೇಳಲಾರೆ, ವೈದ್ಯರೂ ಹೇಳಲಿಲ್ಲ. ಮನೆಯ ಖರ್ಚಿನ ಲೆಕ್ಕವನ್ನು ಅವರು ಮೂವತ್ತು ವರ್ಷಗಳಿಂದ ಉರ್ದುವಿನಲ್ಲಿ ಒಂದು ಪುಸ್ತಕದಲ್ಲಿ ಬರೆಯುತ್ತಿದ್ದರು. ಈಗ ಅವರು ಹೇಳುತ್ತಾರೆ, ನಾನು ಬರೆಯುತ್ತೇನೆ. ಗಲ್ಲಿಯಲ್ಲಿ ನಡೆಯುವಾಗ ಕಲ್ಲು ಕಂಡರೆ ಕಾಲಿನಿಂದ ಬದಿಗೆ ತಳ್ಳಿ, ‘ಸವಾಬಿನ ಕೆಲಸ’ ಎನ್ನುವ ಅಭ್ಯಾಸ ಅವರಿಗೆ ಮೊದಲಿನಿಂದಲೂ ಇತ್ತು. ಈಗಲೂ ಕೋಲು ಹಿಡಿದುಕೊಂಡು ಅದನ್ನೇ ಮಾಡುತ್ತಾರೆ.

ಕಳೆದ ವಾರ ಅದೇ ಸಿಗ್ನಲ್‌ನಲ್ಲಿ ಮತ್ತೆ ಸೈರನ್ ಕೇಳಿಸಿತು. ನಾನು ತಿರುಗಿ ನೋಡಿ ಅಬ್ಬಾರ ಎಡ ಭುಜ ತಟ್ಟಿದೆ. ಅವರು ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಎಡ ಮೂಲೆಗೆ ಸರಿದು ನಿಂತರು. ನಮ್ಮ ಹಿಂದಿದ್ದ ಆಟೋದವರೂ ಸರಿದರು. ಆಂಬ್ಯುಲೆನ್ಸ್ ಹೋಯಿತು. ದೀಪದ ಅಂಕಿ ಆಗ 74 ತೋರಿಸುತ್ತಿತ್ತು.