ಕಾರಿಗೆ ಚಾರ್ಜರ್ ಹಚ್ಚೋವಾಗ ಕರಿ ಕ್ಲಿಪ್ ಎಲ್ಲಿಗೆ?



ಹೋದ ಬ್ಯಾಸಗಿ ಮಾತಿದು. ಕುಸನೂರಿನ್ಯಾಗ ನಮ್ಮ ಕಾಕಾನ ಮಗ ಒಂದು ಕಾರ್ ಓಡಿಸ್ತಾನ. ಸಾಲದ ಗಾಡಿ. ಬಾಡಿಗೆ ಹೊಡೆದ್ರ ಕಂತು, ಇಲ್ಲಂದ್ರ ಇಲ್ಲ. ಮನ್ಯಾಗ ಯಾರಿಗೋ ಆರಾಮಿಲ್ಲ ಅಂತ ಮೂರು ವಾರ ಗಾಡಿ ನಿಂತಲ್ಲೇ ನಿಂತಿತ್ತು. ಆಮೇಲೆ ಒಂದಿನ ನಸುಕಿನ್ಯಾಗ ಕಮಲಾಪುರಕ್ಕ ಲಗ್ನದ ಬಾಡಿಗೆ. ಕೀ ತಿರುವಿದ್ರ ಟಕ್ ಟಕ್ ಅಂತದ, ಇಂಜಿನ್ ಏಳವಲ್ದು.

ಪರಿಚಯದವರೊಬ್ಬರು ಗ್ಯಾರೇಜಿನ ದೊಡ್ಡ ಚಾರ್ಜರ್ ತಂದ್ರು. ಕತ್ತಲಿ, ಮೊಬೈಲ್ ಟಾರ್ಚ್, ಅವಸರ. ಕೆಂಪು ಕ್ಲಿಪ್ ಮೈನಸ್‌ಗೆ ಹೋಯ್ತು, ಕರಿದು ಪ್ಲಸ್‌ಗೆ. ಬಟನ್ ಒತ್ತಿದ ಕೂಡಲೇ ಠಪ್ ಅಂತು. ಮೇನ್ ಫ್ಯೂಸ್ ಸುಟ್ಟಿತ್ತು. ಗಾಡಿ ಎಳಕೊಂಡು ಹೋಗಿ ನಾಲ್ಕು ದಿನ ವರ್ಕ್‌ಶಾಪಿನ್ಯಾಗ. ನಾನು ಬಿ.ಕಾಂ. ಮಾಡಿದವ, ನನ್ನ ತಲ್ಯಾಗ ಮೊದಲು ಬಂದದ್ದು ಲೆಕ್ಕ: ರಿಪೇರಿ ಖರ್ಚು ಒಂದ್ಕಡೆ, ನಾಲ್ಕು ದಿನದ ದುಡಿಮೆ ಹೋಗಿದ್ದು ಇನ್ನೊಂದ್ಕಡೆ. ಕಂತಿನ ತಾರೀಖು ಮಾತ್ರ ಮುಂದಕ್ಕ ಹೋಗಲಿಲ್ಲ.

ಉಲ್ಟಾ ಹಚ್ಚಿದ್ರ ಯಾಕ ಹಿಂಗಾಗ್ತದ? ಗಾಡಿಯ ಆಲ್ಟರ್ನೇಟರ್ ಒಳಗ ಡಯೋಡ್‌ಗಳು ಇರ್ತಾವ. ಅವು ಕರೆಂಟನ್ನು ಒಂದೇ ದಿಕ್ಕಿಗೆ ಬಿಡೋ ಬಾಗಿಲು ಇದ್ದಂಗ. ಪ್ಲಸ್ ಮೈನಸ್ ಅದಲುಬದಲಾದ್ರ ಆ ಬಾಗಿಲು ಪೂರ್ತಿ ತೆಗೆದುಬಿಡ್ತದ, ನೇರ ಶಾರ್ಟ್ ಸರ್ಕ್ಯೂಟ್. ಫ್ಯೂಸ್ ಮೊದಲು ಸುಟ್ರ ಪುಣ್ಯ. ಅದು ತಡಾ ಮಾಡಿದ್ರ ಡಯೋಡ್ ಹೋಗ್ತದ, ಕಂಪ್ಯೂಟರ್ ಅಂದ್ರ ಇಸಿಯು ಕೂಡ ಹೋಗಬಹುದು. ಇವತ್ತಿನ ಸ್ಮಾರ್ಟ್ ಚಾರ್ಜರ್‌ಗಳಾಗ ಉಲ್ಟಾ ಹಚ್ಚಿದ್ರ ಚಾಲೂನೇ ಆಗದ ವ್ಯವಸ್ಥೆ ಇರ್ತದ. ಹಳೇ ಟ್ರಾನ್ಸ್‌ಫಾರ್ಮರ್ ಡಬ್ಬಿಗೆ ಅದೆಲ್ಲಿ ಗೊತ್ತಾಗಬೇಕು?

ಈಗ ಸರಿಯಾದ ಕ್ರಮ. ಗಾಡಿ ಬಂದ್, ಕೀ ಹೊರಗ. ಪುಶ್ ಬಟನ್ ಗಾಡಿ ಆದ್ರ ಕೀ ದೂರ ಇಡ್ರಿ. ಚಾರ್ಜರ್ ಪ್ಲಗ್ ಇನ್ನೂ ಗೋಡೆಗೆ ಹಾಕಬ್ಯಾಡ್ರಿ. ಮೊದಲು ಕೆಂಪು ಕ್ಲಿಪ್ಪನ್ನು ಬ್ಯಾಟರಿಯ ಪ್ಲಸ್‌ಗೆ ಹಚ್ಚಿರಿ. ಆಮೇಲೆ ಕರಿ ಕ್ಲಿಪ್. ಇದು ಬ್ಯಾಟರಿಯ ಮೈನಸ್ ಮೇಲಲ್ಲ. ಬ್ಯಾಟರಿಯಿಂದ ಸ್ವಲ್ಪ ದೂರ ಇರೋ, ಬಣ್ಣ ಇಲ್ಲದ ದಪ್ಪ ಕಬ್ಬಿಣಕ್ಕ. ಇಂಜಿನ್ ಬ್ಲಾಕ್ ಆಗಬಹುದು, ಗಾಡಿ ಬಾಡಿಗೆ ಹಾಕಿದ ಅರ್ಥಿಂಗ್ ಬೋಲ್ಟ್ ಆಗಬಹುದು. (ಬಾಡಿಗೆ ಅಂದ್ರ ಕಿರಾಯಿ ಅಲ್ರೀ, ಗಾಡಿಯ ಮೈ.) ಪೆಟ್ರೋಲ್ ಪೈಪ್, ಫ್ಯಾನ್, ಬೆಲ್ಟ್ ಹತ್ರ ಮಾತ್ರ ಬ್ಯಾಡ. ಎಲ್ಲಾ ಗಟ್ಟಿ ಕುಂತಾವ ಅಂತ ನೋಡಿ, ಕೊನೆಗ ಪ್ಲಗ್ ಹಾಕಿ ಸ್ವಿಚ್ ಹಚ್ಚಿರಿ. ತೆಗೆಯೋವಾಗ ಪೂರ್ತಿ ಉಲ್ಟಾ: ಸ್ವಿಚ್ ಬಂದ್, ಕರಿ, ಆಮೇಲೆ ಕೆಂಪು.

ಕರಿ ಕ್ಲಿಪ್ ದೂರ ಯಾಕ? ಒಂದು ಕಾರಣ ಹಳೇದು. ಲೆಡ್-ಆಸಿಡ್ ಬ್ಯಾಟರಿ ಚಾರ್ಜ್ ಆಗೋವಾಗ ಹೈಡ್ರೋಜನ್ ಅನಿಲ ಬಿಡ್ತದ. ಗಾಳ್ಯಾಗ ಶೇಕಡಾ 4ರಷ್ಟು ಹೈಡ್ರೋಜನ್ ಸೇರಿದ್ರ ಒಂದು ಕಿಡಿ ಸಾಕು. ಕೊನೆಯ ಕ್ಲಿಪ್ ಹಚ್ಚೋವಾಗ, ತೆಗೆಯೋವಾಗಲೇ ಕಿಡಿ ಹಾರೋದು. ಆ ಕಿಡಿ ಬ್ಯಾಟರಿ ಬಾಯಿ ಹತ್ರ ಹಾರಬಾರದು. ಒಡೆದ್ರ ಹೊರಗ ಬರೋದು ನೀರಲ್ಲ, ಸಲ್ಫ್ಯೂರಿಕ್ ಆಸಿಡ್. ನಿಮ್ಮ ಮುಖ ಆಗ ಬಾನೆಟ್ ಕೆಳಗೇ ಇರ್ತದ.

ಎರಡನೇ ಕಾರಣ ಹೊಸಾದು, ನನಗ ಭಾಳ ಮಜಾ ಅನಿಸಿದ್ದು. ಸ್ಟಾರ್ಟ್-ಸ್ಟಾಪ್ ಇರೋ ಬಹಳಷ್ಟು ಕಾರುಗಳ ಮೈನಸ್ ಟರ್ಮಿನಲ್ ಮ್ಯಾಲ ಒಂದು ಸಣ್ಣ ಕರಿ ಡಬ್ಬಿ, ಅದಕ್ಕ ತೆಳುವಾದ ವೈರ್ ಇರ್ತದ. ಅದು ಬ್ಯಾಟರಿ ಸೆನ್ಸರ್. ಒಳಗ ಎಷ್ಟು ಕರೆಂಟ್ ಹೋಯ್ತು, ಹೊರಗ ಎಷ್ಟು ಬಂತು ಅಂತ ಬರೆದಿಡೋ ಕ್ಯಾಷಿಯರ್. ನೀವು ಕರಿ ಕ್ಲಿಪ್ಪನ್ನು ನೇರ ಬ್ಯಾಟರಿ ಮೈನಸ್ ಕಡ್ಡಿಗೆ ಹಚ್ಚಿದ್ರ ಕರೆಂಟ್ ಕ್ಯಾಷಿಯರ್‌ನ ದಾಟದೇ ಹಿಂದಿನ ಬಾಗಿಲಿಂದ ಒಳಗ ಹೋಗ್ತದ. ದುಡ್ಡು ಜಮಾ ಆಗ್ಯಾದ, ಪಾಸ್‌ಬುಕ್‌ನಾಗ ಎಂಟ್ರಿ ಇಲ್ಲ! ಗಾಡಿ ಮಾತ್ರ ‘ಬ್ಯಾಟರಿ ಇನ್ನೂ ಖಾಲಿ’ ಅಂತ ತಿಳ್ಕೊಂಡು ಸ್ಟಾರ್ಟ್-ಸ್ಟಾಪ್ ಬಂದ್ ಇಡ್ತದ. ಬಾಡಿಗೆ ಹಚ್ಚಿದ್ರ ಕರೆಂಟ್ ಸೆನ್ಸರ್ ಮೂಲಕವೇ ಹಾಯ್ದು ಹೋಗ್ತದ, ಲೆಕ್ಕ ಸರಿ ಬರ್ತದ.

ಇಲ್ಲೊಂದು ಮಾತು ಖರೇ ಹೇಳಬೇಕು. ‘ಮೈನಸ್‌ಗೆ ಹಚ್ಚಿದ್ರ ಗಾಡಿ ಸುಟ್ಟೇ ಹೋಗ್ತದ’ ಅಂತ ಹೆದರಿಸೋ ವಿಡಿಯೋ ನೋಡಿ ಗಾಬರಿ ಆಗಬ್ಯಾಡ್ರಿ. ಸೆನ್ಸರ್ ಲೆಕ್ಕ ತಪ್ಪಿದ್ರ, ಗಾಡಿ ಕೆಲವು ತಾಸು ಸುಮ್ನ ನಿಂತಾಗ ವೋಲ್ಟೇಜ್ ನೋಡಿ ಸಾಮಾನ್ಯವಾಗಿ ತಾನೇ ತಾಳೆ ಮಾಡ್ಕೋತದ. ಖರೇ ಅಪಾಯ ಇರೋದು ಉಲ್ಟಾ ಕ್ಲಿಪ್ಪಿನ್ಯಾಗ, ಮತ್ತ ಗ್ಯಾರೇಜ್ ಚಾರ್ಜರಿನ ‘ಬೂಸ್ಟ್’ ಬಟನ್ನಿನ್ಯಾಗ. ಸಾಧಾರಣ ಚಾರ್ಜಿಂಗ್ ವೋಲ್ಟೇಜ್ 14.4ರ ಆಸುಪಾಸು. ಬೂಸ್ಟ್ ಅದಕ್ಕೂ ಮ್ಯಾಲೆ ಏರಬಹುದು, ಅದು ಇಸಿಯುಗೆ ಆಗಿಬರಂಗಿಲ್ಲ.

ಬೈಕ್‌ನೋರು ಎಲ್ಲಿದ್ದೀರಿ? ನಿಮಗೇ ಇದು. ಏಪ್ರಿಲ್ 2020ರಿಂದ ಬಿಎಸ್6 ಬಂತು, ಫ್ಯೂಯೆಲ್ ಇಂಜೆಕ್ಷನ್ ಬಂತು, ಎಷ್ಟೋ ಗಾಡಿಗಳ ಕಿಕ್ಕರ್ ಹೋಯ್ತು. ಬ್ಯಾಟರಿ ಮಲಗಿದ್ರ ತಳ್ಳೋದೇ ಗತಿ, ಅದೂ ಪಂಪಿಗೆ ಸಾಕಾಗೋಷ್ಟು ಕರೆಂಟ್ ಉಳಿದಿದ್ರ. ಬೈಕ್ ಬ್ಯಾಟರಿ 4 ಇಲ್ಲಾ 5 ಆಂಪಿಯರ್-ಅವರ್ ಅಷ್ಟೇ. ಲೆಕ್ಕ ಸರಳ: ಬ್ಯಾಟರಿ ಸಾಮರ್ಥ್ಯದ ಹತ್ತನೇ ಒಂದು ಭಾಗ ಕರೆಂಟ್. ಅಂದ್ರ ಬೈಕ್‌ಗೆ ಅರ್ಧ ಆಂಪಿಯರ್, ಸಣ್ಣ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿಗೆ ಸುಮಾರು ಮೂರೂವರೆ. ಮನ್ಯಾಗಿನ ಇನ್ವರ್ಟರ್ ವೈರ್ ಕಿತ್ತು ಬೈಕ್ ಬ್ಯಾಟರಿಗೆ ಹಚ್ಚೋ ಮಹಾನುಭಾವರು ನಮ್ಮ ಊರಾಗೂ ಅದಾರ. ಇನ್ವರ್ಟರ್ ಅಳತಿ ದೊಡ್ಡ ಬ್ಯಾಟರಿದು. ಸಣ್ಣದಕ್ಕ ಆ ಕರೆಂಟ್ ಕೊಟ್ರ ಕಾಯ್ದು ಉಬ್ಬಿಹೋಗ್ತದ.

ಚಾರ್ಜರ್ ಮ್ಯಾಲೆ ಎಜಿಎಂ ಅಂತ ಒಂದು ಮೋಡ್ ಇದ್ರ, ಬ್ಯಾಟರಿ ಮ್ಯಾಲೂ ಅದೇ ಅಕ್ಷರ ಅದನಾ ನೋಡಿ ಒತ್ತಿರಿ. ನಡುವ ಕರೆಂಟ್ ಹೋಗಿ ಬಂದ್ರ ಕೆಲವು ಚಾರ್ಜರ್ ಮೋಡ್ ಮರೆತುಬಿಡ್ತಾವ, ಮತ್ತೊಮ್ಮೆ ನೋಡ್ರಿ. ಹೈಬ್ರಿಡ್, ಎಲೆಕ್ಟ್ರಿಕ್ ಗಾಡಿಯಲ್ಲೂ 12 ವೋಲ್ಟಿನ ಸಣ್ಣ ಬ್ಯಾಟರಿ ಬ್ಯಾರೆ ಇರ್ತದ, ಆದ್ರ ಅಲ್ಲಿ ಮ್ಯಾನುಯಲ್ ಓದದೇ ಕೈ ಹಾಕಬ್ಯಾಡ್ರಿ. ಕಿತ್ತಳೆ ಬಣ್ಣದ ಕೇಬಲ್ ಅಂತೂ ಮುಟ್ಟಲೇಬ್ಯಾಡ್ರಿ, ಅದು ಹೈ ವೋಲ್ಟೇಜ್.

ಇನ್ನ ನಮ್ಮ ಬಿಸಿಲು. ಮೇ ತಿಂಗಳ ಕಲಬುರಗಿ 42 ಡಿಗ್ರಿ ದಾಟ್ತದ, ಬಾನೆಟ್ ಕೆಳಗ ಇನ್ನೂ ಜಾಸ್ತಿ. ಬ್ಯಾಟರಿ ಆಯುಷ್ಯ ತಿನ್ನೋದು ಈ ಬಿಸಿನೇ. ಚಳಿಗಾಲ ಬಂದಾಗ ಬರೇ ಗುಟ್ಟು ಹೊರಬೀಳ್ತದ. ಅದಕ್ಕ ನೆರಳಿನ್ಯಾಗ, ಗಾಳಿ ಆಡೋ ಕಡೆ, ಸಂಜೀಗೆ ಚಾರ್ಜ್ ಹಚ್ಚಿರಿ. ಬಾನೆಟ್ ತೆಗೆದೇ ಇರಲಿ. ಹೊಟ್ಟಿ ಉಬ್ಬಿದ, ಸೋರಿದ, ಕೊಳೆತ ತತ್ತಿ ವಾಸನಿ ಬರೋ ಬ್ಯಾಟರಿಗೆ ಚಾರ್ಜರ್ ಹಚ್ಚಲೇಬ್ಯಾಡ್ರಿ.

ನಮ್ಮ ತಮ್ಮ ಈಗ ಒಂದು ಅಗ್ಗದ ಮಲ್ಟಿಮೀಟರ್ ಡ್ಯಾಶ್‌ಬೋರ್ಡ್ ಒಳಗ ಇಟ್ಟಾನ. ಗಾಡಿ ರಾತ್ರಿಪೂರ್ತಿ ನಿಂತ ಮ್ಯಾಲೆ ಮುಂಜಾನೆ ಅಳಿತಾನ. 12.6 ಇದ್ರ ತುಂಬೇದ, 12.2 ಇದ್ರ ಅರ್ಧ, 12ಕ್ಕಿಂತ ಕೆಳಗ ಹೋದ್ರ ಹೆಚ್ಚುಕಮ್ಮಿ ಖಾಲಿ. ಅರ್ಧ ಆದ 35ರ ಬ್ಯಾಟರಿಗೆ 4 ಆಂಪಿಯರ್ ಚಾರ್ಜರ್ ಹಚ್ಚಿದ್ರ ಐದಾರು ತಾಸು. ಅಂದ್ರ ರಾತ್ರಿ ಊಟಕ್ಕ ಮುಂಚೆ ಹಚ್ಚಿದ್ರ ನಸುಕಿನ ಬಾಡಿಗೆಗೆ ಗಾಡಿ ತಯಾರ್. ಕ್ಲಿಪ್ಪುಗಳ ಮ್ಯಾಲೆ ಅವನು ಬಿಳಿ ಪೇಂಟಿನಿಂದ ದೊಡ್ಡದಾಗಿ ಪ್ಲಸ್, ಮೈನಸ್ ಬರೆದಾನ. ಕತ್ತಲ್ಯಾಗ ಕೆಂಪು ಮತ್ತ ಕರಿ ಎರಡೂ ಒಂದೇ ಕಾಣ್ತಾವ ನೋಡ್ರಿ.