ನಿಕಾಹ್ ಆಯಿತು, ಕಾಗದ ಎಲ್ಲಿ?

ನಮ್ಮ ಕಾಲೇಜಿನ ಯಾವ ಸೆಕ್ಷನ್‌ಗೆ ಹೋಗಿ ಕೇಳಿದರೂ ದುಬೈ, ದಮ್ಮಾಮ್, ಮಸ್ಕತ್, ದೋಹಾದಲ್ಲಿ ಒಬ್ಬ ಮಾಮುವೋ ಚಾಚಾನೋ ಇಲ್ಲದ ಮನೆ ಸಿಗುವುದು ಕಷ್ಟ. ಅಲ್ಲಿಂದ ರಜೆ ಮೇಲೆ ಬಂದವರ ಮದುವೆಗಳು ನಮ್ಮೂರಿನಲ್ಲಿ ನಡೆಯುತ್ತಲೇ ಇರುತ್ತವೆ. ಶಾದಿಮಹಲ್, ಬಿರಿಯಾನಿ, ದುಲ್ಹನ್‌ನ ಜೋಡಾ ಬಗ್ಗೆ ಮನೆಯಲ್ಲಿ ತಿಂಗಳುಗಟ್ಟಲೆ ಮಾತು ನಡೆಯುತ್ತದೆ. ಕಾಗದದ ಮಾತು ಶುರುವಾಗುವುದು ವಲೀಮಾ ಮುಗಿದ ಮೇಲೆ. ಅಷ್ಟು ಹೊತ್ತಿಗೆ ಹುಡುಗನ ವಿಮಾನಕ್ಕೆ ಒಂದು ವಾರ ಉಳಿದಿರುತ್ತದೆ. ಹಾಗಾಗಿ ಈ ಸಂಚಿಕೆಗೆ ಆ ಕಾಗದದ ಬಗ್ಗೆಯೇ ಬರೆಯೋಣ ಎಂದುಕೊಂಡೆ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಇಜಾಬ್, ಖುಬೂಲ್, ಸಾಕ್ಷಿಗಳು, ಮಹರ್ ಎಲ್ಲ ಇದ್ದರೆ ನಿಕಾಹ್ ಪೂರ್ಣ. ಅದಕ್ಕೆ ಯಾವ ಸರ್ಕಾರದ ಸೀಲೂ ಬೇಕಿಲ್ಲ. 1880ರ ಕಾಝಿಗಳ ಕಾಯ್ದೆ ಕೂಡ, ಸರ್ಕಾರ ಒಂದು ಊರಿಗೆ ಕಾಝಿಯನ್ನು ನೇಮಿಸಬಹುದು, ಆದರೆ ನಿಕಾಹ್‌ಗೆ ಅವರು ಹಾಜರಿರಲೇಬೇಕು ಎಂದೇನಿಲ್ಲ ಎಂದು ಹೇಳುತ್ತದೆ. ಆದರೆ ದುಬೈನ ವೀಸಾ ಕೌಂಟರ್‌ನಲ್ಲಿ ಕುಳಿತವರಿಗೆ ನಮ್ಮ ಮೊಹಲ್ಲಾದ ಜಮಾಅತ್ ಕಾರ್ಯದರ್ಶಿ ಯಾರು ಎಂದು ಗೊತ್ತಿಲ್ಲ. ಅವರ ಸಹಿ ನಿಜವೋ ಸುಳ್ಳೋ ಹೇಗೆ ತಿಳಿಯಬೇಕು? ಅದಕ್ಕೇ ಸೀಲಿನ ಮೇಲೆ ಸೀಲು. ಕಾಮರ್ಸ್ ಓದುವವರಿಗೆ ಇದು ಬೇಗ ಅರ್ಥವಾಗುತ್ತದೆ. ವೋಚರ್ ಇಲ್ಲದೆ ಜರ್ನಲ್ ಎಂಟ್ರಿ ಇಲ್ಲ, ವೋಚರ್ ಮೇಲೆ ಗೊತ್ತಿರುವವರ ಸಹಿ ಇಲ್ಲದಿದ್ದರೆ ಆಡಿಟರ್ ಒಪ್ಪುವುದಿಲ್ಲ. ಪ್ರತಿ ಮೇಲಿನ ಸೀಲು ಹೇಳುವುದು ಇಷ್ಟೇ: ಕೆಳಗಿನ ಸೀಲು ಅಸಲಿ. ಮದುವೆ ಚೆನ್ನಾಗಿದೆ, ಹುಡುಗ ಒಳ್ಳೆಯವನು ಎಂದು ಯಾವ ಸೀಲೂ ಹೇಳುವುದಿಲ್ಲ.

ಹಾಗಾದರೆ ಎಲ್ಲಕ್ಕಿಂತ ಕೆಳಗಿನ ಕಾಗದ ಯಾವುದು? ಮಸೀದಿಯ ನಿಕಾಹ್‌ನಾಮಾ ಸಾಕು ಎಂದು ನಮ್ಮ ಹಿರಿಯರು ಹೇಳುತ್ತಾರೆ. ಆದರೆ 2006ರಲ್ಲಿ ಸುಪ್ರೀಂ ಕೋರ್ಟ್, ಯಾವ ಧರ್ಮದವರದೇ ಆಗಲಿ, ಎಲ್ಲ ಮದುವೆಗಳನ್ನೂ ಕಡ್ಡಾಯವಾಗಿ ನೋಂದಾಯಿಸಬೇಕು ಎಂದು ರಾಜ್ಯಗಳಿಗೆ ಸೂಚಿಸಿತು. ಕರ್ನಾಟಕದಲ್ಲಿ 1976ರ ವಿವಾಹ ನೋಂದಣಿ ಕಾಯ್ದೆ ಅದಕ್ಕೂ ಮೊದಲೇ ಇತ್ತು. ನಿಕಾಹ್‌ನಾಮಾ ಇರುವವರೂ ಸರ್ಕಾರಿ ಪ್ರಮಾಣಪತ್ರಕ್ಕಾಗಿ ಓಡಾಡುವುದು ಇದಕ್ಕೇ.

ಇಲ್ಲಿ ನಮ್ಮ ರಾಜ್ಯದ್ದೇ ಒಂದು ಕತೆ ಇದೆ. 2023ರಲ್ಲಿ ಸರ್ಕಾರ ಒಂದು ಆದೇಶ ಹೊರಡಿಸಿ, ಮುಸ್ಲಿಮರಿಗೆ ವಿವಾಹ ಪ್ರಮಾಣಪತ್ರ ಕೊಡುವ ಅಧಿಕಾರವನ್ನು ವಕ್ಫ್ ಬೋರ್ಡ್‌ಗೂ ಅದರ ಜಿಲ್ಲಾ ಅಧಿಕಾರಿಗಳಿಗೂ ನೀಡಿತು. ಹೊರದೇಶಕ್ಕೆ ಹೋಗುವವರಿಗೆ ಅನುಕೂಲ ಆಗಲಿ ಎಂಬುದೂ ಅದರ ಹಿಂದೆ ಇತ್ತು. ವಕ್ಫ್ ಕಾಯ್ದೆಯಲ್ಲಿ ಬೋರ್ಡ್‌ಗೆ ಅಂಥ ಅಧಿಕಾರವೇ ಇಲ್ಲ ಎಂದು ಒಬ್ಬರು ಹೈಕೋರ್ಟ್‌ಗೆ ಹೋದರು. 2024ರ ನವೆಂಬರ್‌ನಲ್ಲಿ ಹೈಕೋರ್ಟ್ ಆ ಆದೇಶಕ್ಕೆ ತಡೆ ನೀಡಿತು. ‘ನಮ್ಮ ಭಾಭಿಗೆ ವಕ್ಫ್ ಆಫೀಸಿನಲ್ಲೇ ಸಿಕ್ಕಿತ್ತು’ ಎಂದು ಯಾರಾದರೂ ಹೇಳಿದರೆ, ಯಾವ ವರ್ಷದಲ್ಲಿ ಸಿಕ್ಕಿತ್ತು ಎಂದು ಕೇಳಿ.

ಉಳಿದ ದಾರಿ ಸಬ್ ರಿಜಿಸ್ಟ್ರಾರ್ ಕಚೇರಿ. ಅಲ್ಲಿ ನೀವು ಕೇಳಬೇಕಾದ ಮೊದಲ ಪ್ರಶ್ನೆ: ಯಾವ ಕಾಯ್ದೆಯಲ್ಲಿ ನೋಂದಣಿ? ಇದನ್ನು ಯಾರೂ ಕೇಳುವುದಿಲ್ಲ. ಮುಂದೆ ತಟ್ಟಿದ ಫಾರಂಗೆ ಸಹಿ ಹಾಕಿ ಬರುತ್ತಾರೆ. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ, ಈಗಾಗಲೇ ನಿಕಾಹ್ ಆದವರು ನೋಂದಣಿ ಮಾಡಿಸಿಕೊಳ್ಳಲು ಅವಕಾಶವಿದೆ. ಆದರೆ ಅದರ ಷರತ್ತುಗಳನ್ನು ನೋಡಿ. ಅರ್ಜಿ ಹಾಕುವ ಮೊದಲು ಇಬ್ಬರೂ ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಿರಬೇಕು. ಅರ್ಜಿ ಬಂದ ಮೇಲೆ ಅಧಿಕಾರಿ ನೋಟಿಸ್ ಹಾಕಿ, ಆಕ್ಷೇಪಣೆಗೆ 30 ದಿನ ಕೊಡುತ್ತಾರೆ. ಕೊನೆಗೆ ಇಬ್ಬರೂ ಮೂವರು ಸಾಕ್ಷಿಗಳ ಜೊತೆ ಸಹಿ ಮಾಡಬೇಕು. 30ಕ್ಕೆ 30 ಕೂಡಿಸಿ, 60. ಹುಡುಗನ ರಜೆ ಎಷ್ಟು? ಹೆಚ್ಚಿನವರಿಗೆ ಒಂದು ತಿಂಗಳು, ಅದೃಷ್ಟವಿದ್ದರೆ 45 ದಿನ. ಲೆಕ್ಕ ಕೂಡುವುದೇ ಇಲ್ಲ.

ಇನ್ನೊಂದು ಷರತ್ತು ನಮ್ಮ ವಯಸ್ಸಿನವರಿಗೆ ನೇರವಾಗಿ ತಟ್ಟುತ್ತದೆ. ಈ ಕಾಯ್ದೆಯಡಿ ಮೊದಲೇ ಆದ ಮದುವೆಯನ್ನು ನೋಂದಾಯಿಸಲು ಹುಡುಗ, ಹುಡುಗಿ ಇಬ್ಬರಿಗೂ 21 ತುಂಬಿರಬೇಕು. ಹುಡುಗಿಗೆ 18 ಸಾಕು ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಅಂದರೆ ಪಿಯುಸಿ ಮುಗಿಸಿ 19ಕ್ಕೆ ಮದುವೆಯಾದ ಹುಡುಗಿ ಈ ದಾರಿಯಲ್ಲಿ ಪ್ರಮಾಣಪತ್ರ ಪಡೆಯಲು ಎರಡು ವರ್ಷ ಕಾಯಬೇಕು. ಆ ಎರಡು ವರ್ಷದಲ್ಲಿ ಬಿ.ಕಾಂ. ಬಹುಪಾಲು ಮುಗಿಯುತ್ತಿತ್ತು, ಅದು ಬೇರೆ ಮಾತು. ಮೂರನೆಯ ಸಂಗತಿ ಆಸ್ತಿಯದು. ವಿಶೇಷ ವಿವಾಹ ಕಾಯ್ದೆಯಲ್ಲಿ ನೋಂದಾಯಿಸಿದ ಮುಸ್ಲಿಂ ದಂಪತಿಯ ಆಸ್ತಿ ಹಂಚಿಕೆ ಶರೀಅತ್‌ನ ವಾರಸು ನಿಯಮದಂತೆ ಅಲ್ಲ, 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ನಡೆಯುತ್ತದೆ. ಕೆಲವರಿಗೆ ಅದೇ ಬೇಕಿರಬಹುದು, ಕೆಲವರಿಗೆ ಬೇಡವಿರಬಹುದು. ಗೊತ್ತಿದ್ದು ಸಹಿ ಮಾಡುವುದು ಒಂದು, ವೀಸಾ ಅವಸರದಲ್ಲಿ ಸಹಿ ಮಾಡುವುದು ಇನ್ನೊಂದು. 1976ರ ರಾಜ್ಯ ಕಾಯ್ದೆಯ ನೋಂದಣಿಯಲ್ಲಿ ಈ ಬದಲಾವಣೆ ಇಲ್ಲ. ಆದ್ದರಿಂದ ಮದುವೆ ದಿನಾಂಕ ಗೊತ್ತಾದ ವಾರವೇ ಕಚೇರಿಗೆ ಹೋಗಿ ಯಾವ ಕಾಯ್ದೆ, ಯಾವ ಫಾರಂ, ಎಷ್ಟು ದಿನ ಎಂದು ವಿಚಾರಿಸಿ ಬರುವುದು ಒಳ್ಳೆಯದು. ಹುಡುಗ ಊರಿಗೆ ಬರುವವರೆಗೆ ಕಾಯಬೇಕಾಗಿಲ್ಲ.

ಈಗ ಹೆಸರಿನ ವಿಷಯ. ನನ್ನ ಅಭಿಪ್ರಾಯದಲ್ಲಿ ಅತಿ ಹೆಚ್ಚು ತಿಂಗಳು ಹಾಳಾಗುವುದು ಇಲ್ಲಿಯೇ. ನಮ್ಮ ಖಾಲಾ ಮಗಳು ಒಬ್ಬರು ಆಪಾ ಇದ್ದಾರೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಅವರಿಗೆ ಒಂದೇ ಹೆಸರು, ಪಾಸ್‌ಪೋರ್ಟ್‌ನಲ್ಲಿ ಅದರ ಜೊತೆ ‘ಬಾನು’, ನಿಕಾಹ್‌ನಾಮಾದಲ್ಲಿ ಬರೆದವರು ಮರ್ಯಾದೆಗೆಂದು ಸೇರಿಸಿದ ‘ಬೇಗಂ’. ಅವರ ಅಬ್ಬಾನ ಹೆಸರು ಒಂದು ಕಡೆ ಪೂರ್ತಿ ‘ಮೊಹಮ್ಮದ್’, ಇನ್ನೊಂದು ಕಡೆ ಬರೀ ‘ಎಂ.’ ಮನೆಯವರಿಗೆ ಇವೆಲ್ಲ ಒಂದೇ ಹೆಸರು. ಕಂಪ್ಯೂಟರ್‌ಗೆ ಮೂವರು ಹೆಂಗಸರು, ಇಬ್ಬರು ತಂದೆಯರು. ಒಂದೊಂದು ಕಾಗದವನ್ನೂ ಹಿಂದಿನಿಂದ ತಿದ್ದಿಸಿಕೊಂಡು ಬರುವುದರಲ್ಲಿ ಏಳು ತಿಂಗಳು ಹೋಯಿತು. ದುಲ್ಹಾ ಭಾಯ್ ದಮ್ಮಾಮ್‌ನಿಂದ ಪ್ರತಿ ಶುಕ್ರವಾರ ಫೋನ್ ಮಾಡುತ್ತಿದ್ದರು. ಸಲಾಂ ಆದ ತಕ್ಷಣ ಕೇಳುತ್ತಿದ್ದ ಪ್ರಶ್ನೆ ‘ಕಾಗಝ್ ಕಹಾಂ ತಕ್ ಆಯಾ?’ ಅಂದರೆ, ಕಾಗದ ಎಲ್ಲಿವರೆಗೆ ಬಂತು?

‘ಇಬ್ಬರೂ ಒಬ್ಬರೇ’ ಎಂದು ನೋಟರಿ ಹತ್ತಿರ ಅಫಿಡವಿಟ್ ಮಾಡಿಸುವುದು ನಮ್ಮಲ್ಲಿ ರೂಢಿ. ಊರೊಳಗಿನ ಕೆಲಸಕ್ಕೆ ಅದು ನಡೆಯಬಹುದು. ಹೊರದೇಶದ ಕೌಂಟರ್‌ನಲ್ಲಿ ನಡೆಯುತ್ತದೆ ಎಂದು ನಂಬಿ ಕೂರಬೇಡಿ. ಪಾಸ್‌ಪೋರ್ಟ್‌ನಲ್ಲಿ ಇರುವ ಅಕ್ಷರಗಳನ್ನೇ ನೋಡಿ ನಿಕಾಹ್‌ನಾಮಾ ಬರೆಸುವುದು ಸುಲಭದ ಉಪಾಯ. ಬರೆಯುವವರ ಮುಂದೆ ಪಾಸ್‌ಪೋರ್ಟ್ ಜೆರಾಕ್ಸ್ ಇಡಿ, ಅಷ್ಟು ಸಾಕು. ಮದುವೆಯಾದ ಮೇಲೆ ಹುಡುಗಿ ಹೆಸರು ಬದಲಿಸಲೇಬೇಕು ಎಂಬ ನಿಯಮವೂ ನಮ್ಮ ದೇಶದಲ್ಲಿ ಇಲ್ಲ. ಸುಮ್ಮನೆ ಬದಲಿಸಿ ಇನ್ನೊಂದು ಗಂಟು ಹಾಕಿಕೊಳ್ಳುವುದು ಏಕೆ?

ಪಾಸ್‌ಪೋರ್ಟ್‌ನಲ್ಲಿ ಒಂದೇ ಪದದ ಹೆಸರು ಇರುವವರು ಇದನ್ನೂ ಗಮನಿಸಿ. 2022ರ ನವೆಂಬರ್‌ನಲ್ಲಿ ಯುಎಇ, ಉಪನಾಮದ ಜಾಗ ಖಾಲಿ ಇರುವ ಒಂದೇ ಹೆಸರಿನ ಪಾಸ್‌ಪೋರ್ಟ್‌ಗಳನ್ನು ವಿಸಿಟ್ ವೀಸಾಕ್ಕೆ ಒಪ್ಪುವುದಿಲ್ಲ ಎಂದಿತು. ನಂತರ, ಪಾಸ್‌ಪೋರ್ಟ್‌ನ ಎರಡನೇ ಪುಟದಲ್ಲಿ ತಂದೆಯ ಅಥವಾ ಕುಟುಂಬದ ಹೆಸರು ಇದ್ದರೆ ಆಗುತ್ತದೆ ಎಂದು ಸಡಿಲಿಸಿತು. ನಮ್ಮಲ್ಲಿ ಎಷ್ಟೋ ಹುಡುಗಿಯರ ಅಂಕಪಟ್ಟಿಯಲ್ಲಿ ಒಂದೇ ಪದದ ಹೆಸರು ಇದೆ. ಹೊಸ ಪಾಸ್‌ಪೋರ್ಟ್ ಮಾಡಿಸುವವರು ಫಾರಂ ತುಂಬುವಾಗಲೇ ಇದನ್ನು ಯೋಚಿಸಿ.

ಪ್ರಮಾಣಪತ್ರ ಕೈಗೆ ಬಂದ ಮೇಲೆ ಸೀಲಿನ ಪ್ರಯಾಣ. ಮದುವೆ, ಜನನ ಪ್ರಮಾಣಪತ್ರಗಳನ್ನು ಮೊದಲು ರಾಜ್ಯದ ಗೃಹ ಇಲಾಖೆ ದೃಢೀಕರಿಸುತ್ತದೆ. ಅಂಕಪಟ್ಟಿ, ಡಿಗ್ರಿಗಳಿಗೆ ಶಿಕ್ಷಣ ಇಲಾಖೆಯ ದಾರಿ ಬೇರೆ. ನಂತರ ಕೇಂದ್ರ ವಿದೇಶಾಂಗ ಸಚಿವಾಲಯ. ಅಲ್ಲಿ ನಾವು ನೇರವಾಗಿ ಕಾಗದ ಕೊಡುವ ಹಾಗಿಲ್ಲ. ಸಚಿವಾಲಯ ಗೊತ್ತು ಮಾಡಿರುವ ಏಜೆನ್ಸಿಗಳ ಮೂಲಕವೇ ಹೋಗಬೇಕು. 2019ರಿಂದ ಈ ಕೆಲಸ ದೆಹಲಿಯಲ್ಲಷ್ಟೇ ಅಲ್ಲ, ಬೆಂಗಳೂರಿನಲ್ಲೂ ಆಗುತ್ತದೆ. ಇಲ್ಲಿಂದ ದಾರಿ ಎರಡಾಗಿ ಒಡೆಯುತ್ತದೆ. ಹೇಗ್ ಅಪಾಸ್ಟಿಲ್ ಒಪ್ಪಂದಕ್ಕೆ ಸೇರಿದ ದೇಶಗಳಿಗೆ ಸಚಿವಾಲಯದ ಅಪಾಸ್ಟಿಲ್ ಸ್ಟಿಕ್ಕರ್ ಒಂದೇ ಸಾಕು, ರಾಯಭಾರ ಕಚೇರಿಗೆ ಹೋಗಬೇಕಿಲ್ಲ. ಭಾರತ ಇದರಲ್ಲಿ 2005ರಿಂದ ಇದೆ. ಒಮಾನ್, ಬಹ್ರೇನ್ ಇವೆ. ಸೌದಿ ಅರೇಬಿಯಾಕ್ಕೆ ಇದು ಜಾರಿಯಾದದ್ದು 2022ರ ಡಿಸೆಂಬರ್‌ನಲ್ಲಿ. ಸೌದಿಗೆ ಎಂಬಸಿ ಸ್ಟಾಂಪ್ ಬೇಕೇ ಬೇಕು ಎನ್ನುವ ಹಿರಿಯರು ಹೇಳುತ್ತಿರುವುದು ತಮ್ಮ ಕಾಲದ ನಿಯಮ. ಯುಎಇ, ಕತಾರ್, ಕುವೈತ್ ಈ ಒಪ್ಪಂದದಲ್ಲಿ ಇಲ್ಲ. ಆದ್ದರಿಂದ ಯುಎಇಗೆ ಸಚಿವಾಲಯದ ದೃಢೀಕರಣ, ಭಾರತದಲ್ಲಿರುವ ಅವರ ರಾಯಭಾರ ಕಚೇರಿಯ ಸೀಲು, ಆಮೇಲೆ ಅಲ್ಲಿಗೆ ತಲುಪಿದ ಮೇಲೆ ಅವರ ವಿದೇಶಾಂಗ ಸಚಿವಾಲಯದ ಸೀಲು, ಎಲ್ಲವೂ ಬೇಕು. ಅದರ ಮೇಲೆ ಅರಬ್ಬಿ ಅನುವಾದ. ಅದನ್ನೂ ಕಾನೂನು ಅನುವಾದಕರಿಂದಲೇ ಮಾಡಿಸಬೇಕು, ಮದ್ರಸಾದಲ್ಲಿ ಓದಿದ ಭಾಯಿ ಎಷ್ಟೇ ಚೆನ್ನಾಗಿ ಬರೆದರೂ ನಡೆಯುವುದಿಲ್ಲ.

ಏಜೆಂಟರು ಈ ಎಲ್ಲಕ್ಕೂ ಸೇರಿಸಿ ಒಂದೇ ದೊಡ್ಡ ಮೊತ್ತ ಹೇಳುತ್ತಾರೆ. ಬಿಡಿಸಿ ಕೇಳಿ. ವಿದೇಶಾಂಗ ಸಚಿವಾಲಯದ ಅಪಾಸ್ಟಿಲ್ ಶುಲ್ಕ ಒಂದು ಕಾಗದಕ್ಕೆ 50 ರೂಪಾಯಿ, ಅದರ ಮೇಲೆ ಏಜೆನ್ಸಿಯ ಸೇವಾ ಶುಲ್ಕ. ಯುಎಇಯ ವಿದೇಶಾಂಗ ಸಚಿವಾಲಯ ಇಂಥ ಖಾಸಗಿ ಕಾಗದಕ್ಕೆ 150 ದಿರ್ಹಂ ತೆಗೆದುಕೊಳ್ಳುತ್ತದೆ. ಸರ್ಕಾರಿ ಶುಲ್ಕ ಎಷ್ಟು, ನಿಮ್ಮ ಕೂಲಿ ಎಷ್ಟು ಎಂದು ಎರಡು ಸಾಲಿನಲ್ಲಿ ಬರೆದುಕೊಡಿ ಎಂದರೆ ಅರ್ಧ ಏಜೆಂಟರು ಕೋಪ ಮಾಡಿಕೊಳ್ಳುತ್ತಾರೆ. ಕೋಪ ಮಾಡಿಕೊಳ್ಳದವರ ಹತ್ತಿರ ಹೋಗಿ.

ಇಷ್ಟೆಲ್ಲ ಆದರೂ ವೀಸಾ ಸಿಗುತ್ತದೆಯೇ ಎಂಬುದು ಹುಡುಗನ ಸಂಬಳದ ಮೇಲೆ ನಿಂತಿದೆ. ಸಂಬಂಧ ನೋಡುವಾಗ ‘ಗಲ್ಫ್‌ನಲ್ಲಿದ್ದಾನೆ’ ಎಂದಷ್ಟೇ ಕೇಳಿ ಮನೆಯವರು ಖುಷಿಯಾಗುತ್ತಾರೆ. ಯುಎಇಯಲ್ಲಿ ಹೆಂಡತಿಯನ್ನು ಕರೆಸಿಕೊಳ್ಳಲು ತಿಂಗಳಿಗೆ ಕನಿಷ್ಠ 4,000 ದಿರ್ಹಂ ಸಂಬಳ ಬೇಕು, ಅಥವಾ 3,000 ದಿರ್ಹಂ ಮತ್ತು ಕಂಪನಿಯ ಮನೆ. ಸೌದಿಯಲ್ಲಿ ಜೊತೆಗಿರುವ ಪ್ರತಿ ಅವಲಂಬಿತರ ಮೇಲೆ ಶುಲ್ಕವಿದೆ. 2017ರಲ್ಲಿ ತಿಂಗಳಿಗೆ 100 ರಿಯಾಲ್ ಇದ್ದದ್ದು ವರ್ಷಕ್ಕೆ ನೂರರಂತೆ ಏರಿ 2020ರಲ್ಲಿ 400 ಆಯಿತು. ಹನ್ನೆರಡರಿಂದ ಗುಣಿಸಿ, ವರ್ಷಕ್ಕೆ 4,800 ರಿಯಾಲ್. ಈಗಿನ ದರದಲ್ಲಿ ಒಂದು ಲಕ್ಷ ರೂಪಾಯಿ ದಾಟುತ್ತದೆ. ಒಂದು ಮಗುವಾದರೆ ಎರಡರಷ್ಟು. ಬ್ರಿಟನ್ ಇನ್ನೂ ಬಿಗಿ. 2024ರ ಏಪ್ರಿಲ್‌ನಲ್ಲಿ ಅಲ್ಲಿ ಹೊಸದಾಗಿ ಸಂಗಾತಿಯನ್ನು ಕರೆಸುವವರ ವಾರ್ಷಿಕ ಆದಾಯದ ಮಿತಿಯನ್ನು 18,600 ಪೌಂಡ್‌ನಿಂದ 29,000ಕ್ಕೆ ಏರಿಸಿದರು. ಹುಡುಗಿಗೆ ಇಂಗ್ಲಿಷ್ ಪರೀಕ್ಷೆ, ಟಿಬಿ ತಪಾಸಣೆ ಬೇರೆ. ಸಂಬಳದ ಸ್ಲಿಪ್ ಕೇಳುವುದು ಅವಮಾನ ಎಂದು ನಮ್ಮ ಹಿರಿಯರು ಅಂದುಕೊಳ್ಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಹುಡುಗಿ ಅತ್ತೆ ಮನೆಯಲ್ಲಿ ವೀಸಾ ಕಾಯುತ್ತ ಎಷ್ಟು ವರ್ಷ ಕೂರಬೇಕು ಎಂಬ ಲೆಕ್ಕ ಆ ಸ್ಲಿಪ್‌ನಲ್ಲೇ ಇರುತ್ತದೆ.

ಫೋನ್‌ನಲ್ಲಿ, ವಿಡಿಯೊ ಕಾಲ್‌ನಲ್ಲಿ ವಕೀಲರ ಮೂಲಕ ನಡೆಯುವ ನಿಕಾಹ್ ಬಗ್ಗೆಯೂ ಒಂದು ಮಾತು. ಅದರ ಶರಈ ಹುಕುಂ ಉಲಮಾಗಳಿಗೆ ಬಿಟ್ಟದ್ದು. ಆದರೆ ಅಮೆರಿಕದ ವಲಸೆ ಕಾನೂನಿನಲ್ಲಿ, ಮದುವೆಯ ಹೊತ್ತಿಗೆ ಗಂಡು ಹೆಣ್ಣು ಎದುರೆದುರು ಇಲ್ಲದಿದ್ದರೆ, ನಂತರ ದಾಂಪತ್ಯ ಶುರುವಾಗುವವರೆಗೆ ಅವರನ್ನು ಗಂಡ ಹೆಂಡತಿ ಎಂದು ಪರಿಗಣಿಸುವುದಿಲ್ಲ.

ಕಾಗದ ವೀಸಾಕ್ಕೆ ಮಾತ್ರ ಎಂದುಕೊಳ್ಳಬೇಡಿ. ಮದುವೆಯಾಗಿ, ಹೆಂಡತಿಯನ್ನು ಇಲ್ಲೇ ಬಿಟ್ಟು, ಹೊರದೇಶದಲ್ಲಿ ಫೋನ್ ನಂಬರ್ ಬದಲಿಸಿಬಿಡುವ ಗಂಡಂದಿರು ಎಲ್ಲ ಸಮುದಾಯಗಳಲ್ಲೂ ಇದ್ದಾರೆ. ಅನಿವಾಸಿ ಭಾರತೀಯರು ಮದುವೆಯನ್ನು 30 ದಿನದೊಳಗೆ ನೋಂದಾಯಿಸಬೇಕು ಎಂಬ ಮಸೂದೆಯನ್ನು 2019ರಲ್ಲಿ ರಾಜ್ಯಸಭೆಯಲ್ಲಿ ಮಂಡಿಸಿದರು, ಅದು ಕಾನೂನಾಗಲಿಲ್ಲ. 2024ರ ಫೆಬ್ರವರಿಯಲ್ಲಿ ಕಾನೂನು ಆಯೋಗ ತನ್ನ 287ನೇ ವರದಿಯಲ್ಲಿ ಇಂಥ ಮದುವೆಗಳಿಗೆ ಒಂದು ಸಮಗ್ರ ಕಾನೂನು ಬೇಕು, ನೋಂದಣಿ ಕಡ್ಡಾಯವಾಗಬೇಕು ಎಂದು ಶಿಫಾರಸು ಮಾಡಿತು. ಇಂಥ ಸಂದರ್ಭದಲ್ಲಿ ಮಹರ್ ಕೇಳಲು, ಜೀವನಾಂಶ ಕೇಳಲು, ರಾಯಭಾರ ಕಚೇರಿಗೆ ದೂರು ಕೊಡಲು ಹುಡುಗಿಯ ಕೈಯಲ್ಲಿ ಇರುವುದು ಆ ಕಾಗದ ಮಾತ್ರ. ಆದರೆ ನಾನು ನೋಡಿದ ಮದುವೆಗಳಲ್ಲಿ ಅಸಲು ಪ್ರತಿಗಳೆಲ್ಲ ಹುಡುಗನ ಸೂಟ್‌ಕೇಸ್‌ನಲ್ಲೇ ವಿಮಾನ ಹತ್ತುತ್ತವೆ.

ನಿಕಾಹ್‌ನಾಮಾದ ಒಂದು ಅಸಲು ಪ್ರತಿ ಹುಡುಗಿಯ ಹತ್ತಿರವೇ ಇರಲಿ. ನೋಂದಣಿ ಪ್ರಮಾಣಪತ್ರದ ದೃಢೀಕೃತ ಪ್ರತಿಯನ್ನು ಕಚೇರಿಯಿಂದ ಇನ್ನೊಂದು ತೆಗೆಸಿಡಿ. ಹುಡುಗನ ಪಾಸ್‌ಪೋರ್ಟ್, ರೆಸಿಡೆನ್ಸಿ ಕಾರ್ಡ್, ಕಂಪನಿಯ ವಿಳಾಸದ ಜೆರಾಕ್ಸ್ ಕೂಡ ಅದೇ ಫೈಲ್‌ನಲ್ಲಿ. ಮತ್ತೆ, ಯಾರೇ ಹೇಳಲಿ, ಪ್ರಮಾಣಪತ್ರವನ್ನು ಲ್ಯಾಮಿನೇಷನ್ ಮಾಡಿಸಬೇಡಿ. ಸೀಲು, ಸ್ಟಿಕ್ಕರ್ ಬೀಳುವುದು ಕಾಗದದ ಮೇಲೆ. ಪ್ಲಾಸ್ಟಿಕ್ ಹೊದಿಸಿದ ಕಾಗದವನ್ನು ಕೌಂಟರ್‌ನಲ್ಲಿ ಹಾಗೇ ವಾಪಸ್ ಕೊಡುತ್ತಾರೆ, ಅದನ್ನು ಬಿಡಿಸುವಾಗ ಅಕ್ಷರವೂ ಜೊತೆಗೆ ಕಿತ್ತು ಬರುತ್ತದೆ.